ತೊಗರಿ ತಾಕುಗಳ ರೋಗವರ್ಗಕ್ಕೂ ಮಣ್ಣಿನ ಐದು ಅಳತೆಗಳಿಗೂ ಇರುವ ಸಂಬಂಧ ತೋರಿಸಲು ಯಾವ ಗ್ರಾಫ್ ಸೂಕ್ತ?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳ ಹೊಲಗಳಲ್ಲಿ 140 ತೊಗರಿ ತಾಕುಗಳನ್ನು ಗುರುತಿಸಿ, ಪ್ರತಿಯೊಂದನ್ನೂ ‘ಆರೋಗ್ಯವಂತ’, ‘ನೆಟೆ ರೋಗ’, ‘ಗೊಡ್ಡು ರೋಗ’ ಎಂಬ ಮೂರರಲ್ಲಿ ಒಂದಕ್ಕೆ ಸೇರಿಸಿದ್ದೇನೆ. ಒಣಗಿದ ಗಿಡದ ಕಾಂಡವನ್ನು ಸೀಳಿ ನೋಡಿ, ಒಳಗೆ ಕಪ್ಪು-ಕಂದು ಗೆರೆ ಕಂಡರೆ ಮಾತ್ರ ನೆಟೆ ಎಂದು ಬರೆದುಕೊಂಡಿದ್ದೇನೆ. ಪ್ರತಿ ತಾಕಿನ ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ತೇವಾಂಶ ಮತ್ತು ಮಣ್ಣಿನ ಆಳದ ಅಳತೆಗಳಿವೆ. ವರ್ಗಗಳಿಗೆ 1, 2, 3 ಎಂದು ಅಂಕಿ ಕೊಟ್ಟು ತೇವಾಂಶದೊಂದಿಗೆ ಸ್ಕ್ಯಾಟರ್ ಪ್ಲಾಟ್ ಹಾಕಿದರೆ, ಚುಕ್ಕಿಗಳೆಲ್ಲ ಮೂರು ಅಡ್ಡ ಸಾಲುಗಳಲ್ಲಿ ಒಂದರ ಮೇಲೊಂದು ಕೂತು ಏನೂ ತಿಳಿಯುವುದಿಲ್ಲ. ಸರಾಸರಿಗಳ ಬಾರ್ ಚಾರ್ಟ್‌ನಲ್ಲಿ ಮೂರೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ನಾನು ಬಳಸುವುದು ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಸಂಖ್ಯಾಶಾಸ್ತ್ರ ಅಧ್ಯಾಪಕ, ಬೀದರ್

ಮೊದಲು ಆ 1, 2, 3 ಅಂಕಿಗಳನ್ನು ಕೈಬಿಟ್ಟು, ಆ ಕಾಲಂ ಅನ್ನು ಫ್ಯಾಕ್ಟರ್ (ಅಂಕಿಯಲ್ಲ, ಬರೀ ವರ್ಗದ ಹೆಸರು ಎಂದು ಆರ್ ಓದುವ ಕಾಲಂ) ಆಗಿ ಬದಲಿಸಿ. ನೆಟೆ ರೋಗ ಬರುವುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರದಿಂದ. ಗೊಡ್ಡು ರೋಗ ಬರುವುದು ನುಸಿ ಹರಡುವ ನಂಜಾಣುವಿನಿಂದ. ಎರಡರ ನಡುವೆ ಮೇಲು-ಕೆಳಗಿನ ಕ್ರಮವೇ ಇಲ್ಲದಿರುವಾಗ ಆ ಅಂಕಿಗಳ ಮೇಲೆ ಎಳೆದ ಗೆರೆಗೆ ಅರ್ಥವಿರುವುದಿಲ್ಲ.

ಒಂದೊಂದು ಅಳತೆಯನ್ನೂ ಬಾಕ್ಸ್ ಪ್ಲಾಟ್‌ನಲ್ಲಿ (ಪ್ರತಿ ವರ್ಗದ ಮಧ್ಯಾಂಕವನ್ನೂ ಹರಡುವಿಕೆಯನ್ನೂ ಒಂದು ಪೆಟ್ಟಿಗೆಯಾಗಿ ತೋರಿಸುವ ಗ್ರಾಫ್) ನೋಡಿ, ಚುಕ್ಕಿಗಳನ್ನು ಸ್ವಲ್ಪ ಅಕ್ಕಪಕ್ಕ ಸರಿಸಿ ಅದರ ಮೇಲೆಯೇ ಹಾಕಿ. ಆದರೆ ಬಾಕ್ಸ್ ಪ್ಲಾಟ್ ಹೇಳುವುದು ನೆಟೆ ಬಿದ್ದ ತಾಕುಗಳಲ್ಲಿ ತೇವಾಂಶ ಎಷ್ಟಿತ್ತು ಎಂಬುದನ್ನು. ನಿಮಗೆ ಬೇಕಾಗಿರುವುದು ತೇವಾಂಶ ಇಷ್ಟಿದ್ದಾಗ ನೆಟೆ ಬೀಳುವ ಸಂಭವ ಎಷ್ಟು ಎಂಬುದು. ಬಹಳಷ್ಟು ಪ್ರಬಂಧಗಳು ಎಡವುವುದು ಇಲ್ಲಿಯೇ. ಎರಡನೆಯ ಪ್ರಶ್ನೆಗೆ ಆರ್‌ನ ಸಿಡಿಪ್ಲಾಟ್ ಮತ್ತು ಸ್ಪೈನ್‌ಪ್ಲಾಟ್ ಇವೆ: ಅಳತೆ ಅಡ್ಡ ಅಕ್ಷದಲ್ಲಿರುತ್ತದೆ, ಪ್ರತಿ ವರ್ಗದ ಪಾಲು ಬಣ್ಣದ ಪಟ್ಟಿಯಾಗಿ ಏರುತ್ತಲೋ ಇಳಿಯುತ್ತಲೋ ಹೋಗುತ್ತದೆ. ಒಂದು ಎಚ್ಚರಿಕೆ: ರೋಗ ನೋಡಿಯೇ ತಾಕುಗಳನ್ನು ಆರಿಸಿದ್ದರೆ, ಆ ಪಾಲನ್ನು ಜಿಲ್ಲೆಯ ಹೊಲಗಳಲ್ಲಿರುವ ರೋಗದ ಪ್ರಮಾಣವೆಂದು ಓದಬಾರದು.

ಆಮೇಲೆ ಐದು ಅಳತೆಗಳಿಂದಾಗುವ 10 ಜೋಡಿಗಳ ಸ್ಕ್ಯಾಟರ್ ಪ್ಲಾಟ್‌ಗಳನ್ನು ಒಂದೇ ಹಾಳೆಯಲ್ಲಿ ಹಾಕಿ, ಚುಕ್ಕಿಗಳಿಗೆ ವರ್ಗಕ್ಕೊಂದು ಬಣ್ಣವನ್ನೂ ಆಕಾರವನ್ನೂ ಕೊಡಿ. ಕೆಂಪು-ಹಸಿರು ಜೋಡಿ ಬೇಡ. ಎಷ್ಟೋ ಜನರ ಕಣ್ಣಿಗೆ ಅವೆರಡೂ ಒಂದೇ ಬಣ್ಣದಂತೆ ಕಾಣುತ್ತವೆ. ವಿದ್ಯುತ್ ವಾಹಕತೆಯ ಚುಕ್ಕಿಗಳು ಎಡಕ್ಕೆ ಒತ್ತಿಕೊಂಡಿದ್ದರೆ ಆ ಅಕ್ಷವನ್ನು ಲಾಗ್ ಮಾಡಿ, ಅಂದರೆ ಪ್ರತಿ ಹತ್ತು ಪಟ್ಟು ಹೆಚ್ಚಳಕ್ಕೂ ಸಮಾನ ಅಂತರ ಕೊಡಿ.

ಮರುಪ್ರಶ್ನೆ: ವಿದ್ಯಾರ್ಥಿನಿ

ಧನ್ಯವಾದಗಳು ಸರ್. ತಾಕುಗಳನ್ನು ಚೀಟಿ ಎತ್ತಿ ಆರಿಸಿದ್ದೆ. ತೇವಾಂಶದ ಸಿಡಿಪ್ಲಾಟ್‌ನಲ್ಲಿ ಬಲತುದಿಯಲ್ಲಿ ನೆಟೆಯ ಪಟ್ಟಿ ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ಇದನ್ನು ನಂಬಬಹುದೇ? ಆಳ ಮತ್ತು ತೇವಾಂಶದ ಜೋಡಿಯಲ್ಲಿ ನೆಟೆಯ ಚುಕ್ಕಿಗಳು ಎದುರುಬದುರಾದ ಎರಡು ಮೂಲೆಗಳಲ್ಲಿ ಗುಂಪಾಗಿವೆ. ಗೊಡ್ಡು ರೋಗದ ತಾಕುಗಳು 13 ಮಾತ್ರ.

ಉತ್ತರ: ಅಧ್ಯಾಪಕ

ಬಲತುದಿಯನ್ನು ಈಗಲೇ ನಂಬಬೇಡಿ. ಅದೇ ಅಳತೆಗೆ ಸ್ಪೈನ್‌ಪ್ಲಾಟ್ ಹಾಕಿ. ಅದರಲ್ಲಿ ಕಂಬದ ಅಗಲ ತಾಕುಗಳ ಸಂಖ್ಯೆಗೆ ತಕ್ಕಂತಿರುವುದರಿಂದ, ತುದಿಯ ಕಂಬ ಗೆರೆಯಷ್ಟು ಸಣ್ಣದಾಗಿದ್ದರೆ ಆ ಏರಿಕೆ ಎರಡು-ಮೂರು ತಾಕುಗಳ ಆಟ ಎಂದು ತಿಳಿಯಿರಿ.

ಮೂಲೆಗಳ ವಿಷಯವೇ ನಿಮ್ಮ ಕೆಲಸದ ತಿರುಳು. ತೆಳು ಮಣ್ಣಿನಲ್ಲಿ ತೇವಾಂಶ ಒಂದು ದಿಕ್ಕಿಗೆ, ಆಳದ ಎರೆ ಮಣ್ಣಿನಲ್ಲಿ ಇನ್ನೊಂದು ದಿಕ್ಕಿಗೆ ಎಳೆಯುತ್ತಿರುವುದರಿಂದಲೇ ಸರಾಸರಿಯ ಕಂಬಗಳು ಸಮವಾಗಿ ಕಂಡವು. ಆರ್‌ನ ಎನ್‌ನೆಟ್ ಪ್ಯಾಕೇಜಿನ ಮಲ್ಟಿನಾಮ್‌ನಲ್ಲಿ (ಹಲವು ವರ್ಗಗಳ ಸಂಭವವನ್ನು ಅಂದಾಜಿಸುವ ಗಣಿತ ಮಾದರಿ) ಆಳ ಮತ್ತು ತೇವಾಂಶದ ಗುಣಲಬ್ಧವನ್ನೂ ಸೇರಿಸಿ, ಉಳಿದ ಮೂರು ಅಳತೆಗಳನ್ನು ಅವುಗಳ ಮಧ್ಯಾಂಕದಲ್ಲಿ ನಿಲ್ಲಿಸಿ, ತೆಳು ಮಣ್ಣಿಗೊಂದು, ಆಳದ ಮಣ್ಣಿಗೊಂದು ಎಂದು ಸಂಭವದ ರೇಖೆಗಳನ್ನು ಅಕ್ಕಪಕ್ಕದ ಎರಡು ಚೌಕಗಳಲ್ಲಿ ಎಳೆಯಿರಿ. ಎರಡರಲ್ಲೂ ಲಂಬ ಅಕ್ಷ 0ಯಿಂದ 1ರವರೆಗೇ ಇರಲಿ, ರೇಖೆಯ ಸುತ್ತ ಅನಿಶ್ಚಿತತೆಯ ಪಟ್ಟಿಯೂ ಇರಲಿ. ಗೊಡ್ಡು ರೋಗದ 13 ತಾಕುಗಳು ಐದು ಅಳತೆಗಳ ಭಾರವನ್ನು ತಾಳುವುದಿಲ್ಲ. ಅವನ್ನು ಮಾದರಿಯಿಂದ ಹೊರಗಿಟ್ಟು, ಹಾಗೆ ಮಾಡಿದ್ದನ್ನು ಬರೆದು, ಜೋಡಿ ಗ್ರಾಫ್‌ಗಳಲ್ಲಿ ಚುಕ್ಕಿಗಳಾಗಿ ಮಾತ್ರ ತೋರಿಸಿ. ಆಗ ಉಳಿಯುವುದು ಎರಡೇ ವರ್ಗ, ಮಲ್ಟಿನಾಮ್ ಬದಲು ಎರಡು ವರ್ಗಗಳಲ್ಲಿ ಒಂದರ ಸಂಭವವನ್ನು ಅಂದಾಜಿಸುವ ಸಾಮಾನ್ಯ ಲಾಜಿಸ್ಟಿಕ್ ರಿಗ್ರೆಶನ್ನೇ ಸಾಕಾಗುತ್ತದೆ.