ಸಹಾಯ ಬೇಕು: ಕಾದಂಬರಿ ಓದಿ ತಪ್ಪು ಹೇಳುವ ಪಿಯುಸಿ ಮಕ್ಕಳು

ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿದ್ದೇನೆ. ಹದಿಹರೆಯದವರಿಗೆಂದು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕಥಾನಾಯಕಿ ಕೊಡಗಿನ ಮಕ್ಕಂದೂರು ಕಡೆಯ ಹುಡುಗಿ, ಸೆಕೆಂಡ್ ಪಿಯುಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಹೋದಾಗ ಅವಳಿಗೆ 10 ವರ್ಷ. ಈಗ ಮಡಿಕೇರಿಯಲ್ಲಿ ಬಾಡಿಗೆ ಮನೆ, ಊರಲ್ಲಿ ಉಳಿದಿದ್ದು ಎರಡು ಎಕರೆ ತೋಟ. ಬಸ್ಸಲ್ಲಿ ಪರಿಚಯವಾದ ಹುಡುಗ ಪರೀಕ್ಷೆಗೆ ಮೂರು ವಾರ ಇರುವಾಗ ಒಂದೇ ಮೆಸೇಜ್‌ನಲ್ಲಿ ಎಲ್ಲ ಮುಗಿಸಿಬಿಡುತ್ತಾನೆ. ಕಣದಲ್ಲಿ ರೋಬಸ್ಟಾ ಕಾಫಿ ಒಣಗಿಸುತ್ತಿದ್ದ ಅಪ್ಪ ಅವಳ ಊದಿದ ಕಣ್ಣು ನೋಡುತ್ತಾನೆ. ಏನೂ ಕೇಳುವುದಿಲ್ಲ. ಕಾಫಿ ಎಳೆಯುವ ಹಲಗೆಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಇದೊಂದು ಚೆನ್ನಾಗಿ ಬಂದಿದೆ.

ಉಳಿದದ್ದೇ ತೊಂದರೆ. ನನಗೆ 46. ನಮ್ಮ ಕಾಲದಲ್ಲಿ ನೋಟ್‌ಬುಕ್‌ನೊಳಗೆ ಚೀಟಿ ಇಟ್ಟು ಕೊಡುತ್ತಿದ್ದೆವು. ಬ್ಲಾಕ್ ಮಾಡಿಸಿಕೊಂಡವರ ಸಂಕಟ ನನಗೇನು ಗೊತ್ತು? ನನ್ನ ಹುಡುಗಿ ಹಳೇ ಸಿನಿಮಾ ನಾಯಕಿ ಹಾಗೆ ಅಳುತ್ತಿದ್ದಾಳೆ!

16ರಿಂದ 18 ವಯಸ್ಸಿನ ಮೂರ್ನಾಲ್ಕು ಜನ 60 ಪುಟ ಓದಿ ಹೇಳಬೇಕು. ಮನೆಯವರಿಗೆ ಗೊತ್ತಿರಲಿ. ದಾಕ್ಷಿಣ್ಯ ಬೇಡ.

ಕಥೆಯ ಹುಡುಗಿಯ ಮನೆಮಾತು ಅರೆಭಾಷೆ (ಕೊಡಗಿನ ಗೌಡರ ಮಾತು), ನನಗೆ ಅರ್ಥವಾಗುತ್ತದೆ ಅಷ್ಟೇ. ಅಮ್ಮ ಮಗಳ ಜಗಳದ ಎರಡು ಪುಟ ಯಾರಾದರೂ ತಿದ್ದಿಕೊಡುತ್ತೀರಾ?

ಇನ್ನೊಂದು. ಮಾರ್ಚ್‌ನ ಮಳೆ ಬಿದ್ದು ಕಾಫಿ ಹೂ ಅರಳಿದ ದಿನವೇ ಅವಳ ಪರೀಕ್ಷೆ ಇಟ್ಟಿದ್ದೇನೆ. ಜಾಸ್ತಿ ಆಯ್ತು ಅಲ್ವಾ?

ಓದುತ್ತೇನೆ ಅನ್ನುವವರು ಇನ್‌ಬಾಕ್ಸ್‌ಗೆ ಬನ್ನಿ.