ಎಸ್‌ಬಿಟಿ ಅಸೆಂಬ್ಲಿ: ಜಾರ್ ಮಾಡಿದ ಮೇಲೆ ಸ್ಪಾರ್ಕ್‌ಗೆ ಸಿಎಸ್‌ವಿ ಅಂದರೆ ಏನು ಅಂತಲೇ ಗೊತ್ತಿಲ್ಲ!

ಜಾರ್_ಜಂಜಾಟ:
ತಲೆ ಕೆಟ್ಟುಹೋಗಿದೆ. ಚಿಕ್ಕದೊಂದು ಸ್ಪಾರ್ಕ್ (ದೊಡ್ಡ ಡೇಟಾ ಸಂಸ್ಕರಿಸುವ ಸಾಧನ) ಅಪ್ಲಿಕೇಶನ್, ಬಿಲ್ಡ್ ಮಾಡುವುದು ಎಸ್‌ಬಿಟಿ ಅನ್ನುವ ಸಾಧನದಿಂದ. ಸಿಎಸ್‌ವಿ ಓದುತ್ತದೆ, ಒಂದಿಷ್ಟು ಗ್ರೂಪ್ ಬೈ ಮಾಡುತ್ತದೆ, ಪಾರ್ಕೆ (ಕಾಲಂ ಲೆಕ್ಕದಲ್ಲಿ ಡೇಟಾ ಇಡುವ ಫಾರ್ಮ್ಯಾಟ್) ಫೈಲ್ ಬರೆಯುತ್ತದೆ. ಅಷ್ಟೇ ಕೆಲಸ. ಎಸ್‌ಬಿಟಿ ರನ್ ಕೊಟ್ಟರೆ ಆರಾಮಾಗಿ ಓಡುತ್ತದೆ. ಅಸೆಂಬ್ಲಿ ಪ್ಲಗಿನ್‌ನಿಂದ ಕೋಡನ್ನೆಲ್ಲ ಒಂದು ಫೈಲ್‌ಗೆ ಕಟ್ಟಿ, ಅಂದರೆ ಜಾರ್ ಮಾಡಿ ಓಡಿಸಿದರೆ ‘ಫೇಲ್ಡ್ ಟು ಫೈಂಡ್ ದ ಡೇಟಾ ಸೋರ್ಸ್: ಸಿಎಸ್‌ವಿ’ ಅಂತ ಬಿದ್ದುಹೋಗುತ್ತದೆ. ಜೊತೆಗೆ ಹೊರಗಿನ ಪ್ಯಾಕೇಜ್ ಹುಡುಕಿಕೊಳ್ಳಿ ಅಂತ ಒಂದು ಲಿಂಕ್ ಬೇರೆ. ಸಿಎಸ್‌ವಿ ಸ್ಪಾರ್ಕ್ 2.0ರಿಂದಲೇ ಒಳಗೇ ಇದೆ ಅಲ್ವಾ? ಬಿಲ್ಡ್ ಫೈಲ್ ಸರಿಯಾಗೇ ಇದೆ, ಎಲ್ಲರೂ ಬರೆಯುವಂಥದ್ದೇ. ಯಾರಿಗಾದರೂ ಹೀಗೆ ಆಗಿದೆಯಾ?

ಥ್ರೆಡ್_ಪೂಲ್:
ಜಾವಾ ವರ್ಷನ್. ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಸ್ಪಾರ್ಕ್ 3.5 ಓಡುವುದು 8, 11, 17ರ ಮೇಲೆ. ನಿಮ್ಮ ಮೆಷಿನ್‌ನಲ್ಲಿ 21 ಇದ್ದೀತು, ಅದಕ್ಕೇ ಬಿದ್ದಿದೆ.

ಜಾರ್_ಜಂಜಾಟ:
ಸ್ಪಾರ್ಕ್ 3.5, ಜಾವಾ 11.

ಥ್ರೆಡ್_ಪೂಲ್:
11 ಅಂತ ನೀವು ಅಂದುಕೊಂಡಿರ್ತೀರಿ. ಜಾವಾ ಹೋಮ್ ಒಂದು ಕಡೆ, ಪಾತ್ ಇನ್ನೊಂದು ಕಡೆ ತೋರಿಸುತ್ತಿರುತ್ತದೆ. ಎಸ್‌ಬಿಟಿ ಒಂದು ಜೆಡಿಕೆ ಎತ್ತಿಕೊಳ್ಳುತ್ತದೆ, ಟರ್ಮಿನಲ್ ಇನ್ನೊಂದು. ಎರಡನ್ನೂ ಪ್ರಿಂಟ್ ಮಾಡಿ ಹಾಕಿ.

ಜಾರ್_ಜಂಜಾಟ:
ಎರಡೂ 11. ಒಂದೇ ಫೋಲ್ಡರ್.

ಥ್ರೆಡ್_ಪೂಲ್:
ಹಾಗಾದರೆ 8ಕ್ಕೆ ಇಳಿಸಿ ನೋಡಿ.

ಕಾಲಂ_ಕಳ್ಳ:
ಯಾಕೆ ಇಳಿಸಬೇಕು ಗುರು? ಜಾವಾ ತೊಂದರೆಯಾಗಿದ್ದರೆ ಸಿಎಸ್‌ವಿ ತನಕ ಬರೋದೇ ಇಲ್ಲ. 17ರಲ್ಲಿ ಫ್ಲ್ಯಾಗ್ ಇಲ್ಲದೆ ಓಡಿಸಿದರೆ ಸ್ಪಾರ್ಕ್ ಕಾಂಟೆಕ್ಸ್ಟ್ ಹುಟ್ಟುವಾಗಲೇ ಡೈರೆಕ್ಟ್‌ಬಫರ್ ಮುಟ್ಟೋಕೆ ಬಿಡಲ್ಲ ಅಂತ ಇಲ್ಲೀಗಲ್ ಆ್ಯಕ್ಸೆಸ್ ಎರರ್ ಬರುತ್ತದೆ. ಇವರ ಸೆಷನ್ ಎದ್ದಿದೆ, ಆಮೇಲೆ ಬಿದ್ದಿದೆ. ಎರರ್ ಯಾವ ಹಂತದಲ್ಲಿ ಬಂತು ಅನ್ನೋದನ್ನೂ ಸ್ವಲ್ಪ ನೋಡಿ.

ಹಳೇ_ಮೇವನ್:
ಎಸ್‌ಬಿಟಿ ಬಿಡಿ ಸರ್, ಮೇವನ್ ಅನ್ನೋ ಬಿಲ್ಡ್ ಸಾಧನ ಹಿಡೀರಿ. ಸ್ಪಾರ್ಕ್‌ನ ಡಾಕ್ಯುಮೆಂಟೇಶನ್ ತೆಗೆದು ನೋಡಿ, ಸ್ಪಾರ್ಕ್ ಅನ್ನೇ ಪ್ಯಾಕೇಜ್ ಮಾಡೋಕೆ ಶಿಫಾರಸು ಮಾಡಿರುವುದು ಮೇವನ್. ಅವರೇ ನಂಬದ ಸಾಧನ ನಮಗೆ ಯಾಕೆ?

ಕಾಲಂ_ಕಳ್ಳ:
ಅದೇ ಪುಟದಲ್ಲಿ ಇನ್ನೂ ಸ್ವಲ್ಪ ಕೆಳಗೆ ಓದಿ. ದಿನನಿತ್ಯದ ಡೆವಲಪ್‌ಮೆಂಟ್‌ಗೆ ಎಸ್‌ಬಿಟಿ ಚೆನ್ನಾಗಿದೆ, ಮತ್ತೆ ಮತ್ತೆ ಕಂಪೈಲ್ ಮಾಡುವಾಗ ಬೇಗ ಆಗುತ್ತದೆ ಅಂತಲೂ ಇದೆ.

ಹಳೇ_ಮೇವನ್:
ಬೇಗ! ಎಸ್‌ಬಿಟಿ ಶೆಲ್ ಎದ್ದು ಬರುವಷ್ಟರಲ್ಲಿ ನನ್ನ ಮೇವನ್ ಬಿಲ್ಡ್ ಮುಗಿದಿರುತ್ತದೆ.

ರ್‍ಯಾಮ್_ರಾಯ:
ಶೆಲ್ ತೆರೆದೇ ಇಟ್ಟುಕೊಂಡರೆ ಆ ಕಾಟ ಇಲ್ಲ. ನನ್ನದು 32 ಕೋರ್, 128 ಜಿಬಿ. ಟಾರ್ಗೆಟ್ ಫೋಲ್ಡರ್ ಪೂರ್ತಿ ರ್‍ಯಾಮ್‌ನಲ್ಲೇ ಮೌಂಟ್ ಮಾಡಿದ್ದೇನೆ. ಎಂಟರ್ ಒತ್ತಿ ಕೈ ಎತ್ತುವಷ್ಟರಲ್ಲಿ ಕಂಪೈಲ್ ಆಗಿರುತ್ತದೆ. ಮೂಲ ಪ್ರಶ್ನೆಗೆ: ಐವಿ2 ಫೋಲ್ಡರ್ ಅಳಿಸಿ ಮತ್ತೆ ಬಿಲ್ಡ್ ಮಾಡಿ. ಅರ್ಧಕ್ಕೆ ಡೌನ್‌ಲೋಡ್ ಆದ ಜಾರ್ ಇರುತ್ತದೆ.

ಜಾರ್_ಜಂಜಾಟ:
ಅಳಿಸಿದೆ. ಅದೇ ಎರರ್.

ಲಾಗ್_ಓದುಗ:
ಐವಿ2 ಅಳಿಸಿ ಪ್ರಯೋಜನ ಇಲ್ಲ. ಎಸ್‌ಬಿಟಿ 1.3ರಿಂದ ಡಿಪೆಂಡೆನ್ಸಿ (ಕೋಡ್‌ಗೆ ಬೇಕಾದ ಹೊರಗಿನ ಲೈಬ್ರರಿ) ತರುವುದು ಕೋರ್ಸಿಯೆ ಅನ್ನುವ ಸಾಧನ. ಅದರ ಕ್ಯಾಶ್ ಬೇರೆ ಜಾಗದಲ್ಲಿದೆ, ಲಿನಕ್ಸ್‌ನಲ್ಲಾದರೆ ಹೋಮ್ ಒಳಗಿನ ಡಾಟ್ ಕ್ಯಾಶ್, ಅದರೊಳಗೆ ಕೋರ್ಸಿಯೆ. ಅದನ್ನೂ ಈಗ ಅಳಿಸಬೇಡಿ, ಜಾರ್ ಹಾಳಾಗಿದ್ದರೆ ಎಸ್‌ಬಿಟಿ ರನ್ ಕೂಡ ಓಡುತ್ತಿರಲಿಲ್ಲ.

ಜಂಜಾಟ ಅವರೇ, ‘ಜಾರ್ ಮಾಡಿ ಓಡಿಸಿದರೆ’ ಅಂದಿರಲ್ಲ, ಓಡಿಸಿದ್ದು ಹೇಗೆ? ಸ್ಪಾರ್ಕ್ ಜೊತೆ ಬರುವ ಸ್ಪಾರ್ಕ್ ಸಬ್ಮಿಟ್ ಕಮಾಂಡ್‌ನಿಂದಲೋ, ನೇರವಾಗಿ ಜಾವಾ ಮೈನಸ್ ಜಾರ್ ಕೊಟ್ಟೋ? ಸ್ಪಾರ್ಕ್ ಡಿಪೆಂಡೆನ್ಸಿಗೆ ‘ಪ್ರೊವೈಡೆಡ್’ ಹಾಕಿದ್ದೀರಾ, ಅಂದರೆ ಸ್ಪಾರ್ಕ್ ಅನ್ನು ಜಾರ್‌ಗೆ ತುಂಬದೆ ಬಿಟ್ಟಿದ್ದೀರಾ?

ಥ್ರೆಡ್_ಪೂಲ್:
ಮಾಸ್ಟರ್ ಯುಆರ್‌ಎಲ್ ಕೂಡ ಹಾಕಿ. ಕ್ಲಸ್ಟರ್‌ನ 7077 ಪೋರ್ಟ್ ಫೈರ್‌ವಾಲ್‌ನಲ್ಲಿ ತೆರೆದಿದೆಯಾ? ವರ್ಕರ್‌ಗಳಲ್ಲಿ ಜಾವಾ ಯಾವುದು?

ಜಾರ್_ಜಂಜಾಟ:
ಕ್ಲಸ್ಟರ್ ಇಲ್ಲವೇ ಇಲ್ಲ ಸರ್. ಮಾಸ್ಟರ್ ಲೋಕಲ್ ಸ್ಟಾರ್. ಒಂದೇ ಮೆಷಿನ್‌ನಲ್ಲಿ ಓಡುವ ಕೆಲಸ. ಕೊನೆಗೆ ಓಡಬೇಕಾದ ಇನ್ನೊಂದು ಮೆಷಿನ್‌ನಲ್ಲಿ ಸ್ಪಾರ್ಕ್ ಹಾಕಿರುವುದಿಲ್ಲ, ಜಾವಾ ಮಾತ್ರ. ಅದಕ್ಕೇ ಪ್ರೊವೈಡೆಡ್ ತೆಗೆದು ಎಲ್ಲವನ್ನೂ ಒಂದೇ ದಪ್ಪ ಜಾರ್‌ಗೆ ತುಂಬುತ್ತಿದ್ದೇನೆ. ಓಡಿಸುವುದು ಜಾವಾ ಮೈನಸ್ ಜಾರ್, ಸದ್ಯಕ್ಕೆ ನನ್ನ ಲ್ಯಾಪ್‌ಟಾಪ್‌ನಲ್ಲೇ. ಇದನ್ನು ಬೇರೆ ಹೇಳಬೇಕಿತ್ತಾ? ಅಂದಹಾಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಪಾರ್ಕ್ ಇದೆ, ಅಲ್ಲಿ ಇದೇ ಜಾರ್ ಸ್ಪಾರ್ಕ್ ಸಬ್ಮಿಟ್‌ಗೆ ಕೊಟ್ಟರೆ ಸರಿಯಾಗಿ ಓಡುತ್ತದೆ. ಅದೇ ನನಗೆ ಅರ್ಥ ಆಗ್ತಿಲ್ಲ.

ಲಾಗ್_ಓದುಗ:
ಇದು ಮೊದಲ ಪೋಸ್ಟ್‌ನಲ್ಲೇ ಇದ್ದಿದ್ದರೆ ಅರ್ಧ ಥ್ರೆಡ್ ಉಳಿಯುತ್ತಿತ್ತು. ಒಂದು ಪರೀಕ್ಷೆ ಮಾಡಿ. ಕೋಡ್‌ನಲ್ಲಿ ಫಾರ್ಮ್ಯಾಟ್ ಅಂತ ‘ಸಿಎಸ್‌ವಿ’ ಕೊಡುವ ಬದಲು ಸ್ಪಾರ್ಕ್‌ನ ಸಿಎಸ್‌ವಿ ಫೈಲ್‌ಫಾರ್ಮ್ಯಾಟ್ ಕ್ಲಾಸ್‌ನ ಪೂರ್ತಿ ಹೆಸರು ಕೊಡಿ, ಪ್ಯಾಕೇಜ್ ಸಮೇತ. ಇದು ಪರಿಹಾರ ಅಲ್ಲ, ಸುಮ್ನೆ ನೋಡೋಕೆ.

ಜಾರ್_ಜಂಜಾಟ:
ಕೊಟ್ಟೆ. ಸಿಎಸ್‌ವಿ ಎರರ್ ಹೋಯಿತು! ಈಗ ‘ನೋ ಫೈಲ್‌ಸಿಸ್ಟಮ್ ಫಾರ್ ಸ್ಕೀಮ್ ಫೈಲ್’ ಅಂತಿದೆ. ಫೈಲ್‌ಗೇ ಫೈಲ್‌ಸಿಸ್ಟಮ್ ಇಲ್ವಂತೆ. ನಗಬೇಕೋ ಅಳಬೇಕೋ.

ರ್‍ಯಾಮ್_ರಾಯ:
ಡಿಸ್ಕ್ ಪರ್ಮಿಷನ್ ಇರಬಹುದು.

ಲಾಗ್_ಓದುಗ:
ಅಲ್ಲ. ಎರಡೂ ಒಂದೇ ರೋಗ. ಕ್ಲಾಸ್‌ಗಳು ಜಾರ್ ಒಳಗಿವೆ, ಅದಕ್ಕೇ ಪೂರ್ತಿ ಹೆಸರು ಕೊಟ್ಟಾಗ ಸಿಕ್ಕಿತು. ಕಳೆದುಹೋಗಿರುವುದು ಅವುಗಳ ಪಟ್ಟಿ.

ಸ್ಪಾರ್ಕ್ ‘ಸಿಎಸ್‌ವಿ’ ಅನ್ನುವ ಚಿಕ್ಕ ಹೆಸರಿನಿಂದ ಕ್ಲಾಸ್ ಹುಡುಕುವುದು ಜಾವಾದ ಸರ್ವಿಸ್ ಲೋಡರ್ ಮೂಲಕ. ಆ ಲೋಡರ್ ಓದುವುದು ಜಾರ್‌ನ ಮೆಟಾ-ಇನ್ಫ್ ಫೋಲ್ಡರ್ ಒಳಗಿನ ಸರ್ವಿಸಸ್ ಫೋಲ್ಡರನ್ನು. ಅಲ್ಲಿ ಡೇಟಾಸೋರ್ಸ್ ರಿಜಿಸ್ಟರ್ ಅಂತ ಕೊನೆಯಾಗುವ ಹೆಸರಿನ ಒಂದು ಟೆಕ್ಸ್ಟ್ ಫೈಲ್ ಇದೆ. ಸಿಎಸ್‌ವಿ, ಜೇಸನ್, ಪಾರ್ಕೆ, ಎಲ್ಲದರ ಕ್ಲಾಸ್ ಹೆಸರು ಸಾಲು ಸಾಲಾಗಿ ಅಲ್ಲೇ ಇರುತ್ತವೆ. ಸ್ಪಾರ್ಕ್ ಫೈಲ್ ಓದಲು ಬಳಸುವ ಹಡೂಪ್ ಲೈಬ್ರರಿ ಕೂಡ ಹಾಗೇ, ಅದರ ಫೈಲ್‌ಸಿಸ್ಟಮ್‌ಗಳ ಪಟ್ಟಿ ಅದೇ ಫೋಲ್ಡರ್‌ನ ಇನ್ನೊಂದು ಫೈಲ್‌ನಲ್ಲಿದೆ.

ಎಸ್‌ಬಿಟಿ ರನ್‌ನಲ್ಲಿ ಪ್ರತಿ ಜಾರ್ ಬಿಡಿಬಿಡಿಯಾಗಿ ಕ್ಲಾಸ್‌ಪಾತ್‌ನಲ್ಲಿರುತ್ತದೆ, ಪಟ್ಟಿಗಳೆಲ್ಲ ಸಿಗುತ್ತವೆ. ಸ್ಪಾರ್ಕ್ ಸಬ್ಮಿಟ್‌ನಲ್ಲಿ ಲ್ಯಾಪ್‌ಟಾಪ್‌ನ ಸ್ಪಾರ್ಕ್ ತನ್ನದೇ ಜಾರ್‌ಗಳನ್ನು ತರುತ್ತದೆ, ಪಟ್ಟಿ ಅಲ್ಲಿಂದ ಸಿಗುತ್ತದೆ. ನಿಮ್ಮ ದಪ್ಪ ಜಾರ್ ಒಂಟಿಯಾಗಿ ನಿಂತಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಬಿಲ್ಡ್ ಫೈಲ್‌ನಲ್ಲಿ ಮರ್ಜ್ ಸ್ಟ್ರಾಟಜಿ (ಒಂದೇ ಹೆಸರಿನ ಫೈಲ್‌ಗಳು ಸಿಕ್ಕರೆ ಏನು ಮಾಡಬೇಕು ಅನ್ನುವ ನಿಯಮ) ಏನು ಬರೆದಿದ್ದೀರಿ, ಅದನ್ನು ಹಾಕಿ.

ಜಾರ್_ಜಂಜಾಟ:
ಎಲ್ಲರೂ ಹಾಕುವುದೇ. ಮೆಟಾ-ಇನ್ಫ್ ಒಳಗಿರುವುದೆಲ್ಲ ಡಿಸ್ಕಾರ್ಡ್ (ಎಸೆ), ಉಳಿದದ್ದು ಫಸ್ಟ್ (ಮೊದಲು ಸಿಕ್ಕಿದ್ದನ್ನು ಇಡು). ಅದಿಲ್ಲದಿದ್ದರೆ ಒಂದೇ ಹೆಸರಿನ ಬೇರೆ ಬೇರೆ ಫೈಲ್‌ಗಳಿವೆ ಅಂತ ಡಿಡೂಪ್ಲಿಕೇಟ್ ಎರರ್ ಪುಟಗಟ್ಟಲೆ ಬರುತ್ತದೆ. ಎಲ್ಲಿ ಹುಡುಕಿದರೂ ಇದೇ ಉತ್ತರ ಇದೆ.

ಕಾಲಂ_ಕಳ್ಳ:
ಸಿಕ್ಕಿತು ನೋಡಿ. ಆ ಎರಡು ಸಾಲು ಊರೆಲ್ಲ ಕಾಪಿ ಆಗಿದೆ. ಪ್ರೊವೈಡೆಡ್ ಇಟ್ಟುಕೊಂಡವರಿಗೆ ಸಾಮಾನ್ಯವಾಗಿ ತೊಂದರೆ ಆಗಲ್ಲ, ಅದಕ್ಕೇ ಬದುಕಿದೆ.

ಹಳೇ_ಮೇವನ್:
ಮೇವನ್‌ನ ಶೇಡ್ ಪ್ಲಗಿನ್‌ನಲ್ಲಿ ಸರ್ವಿಸಸ್ ರಿಸೋರ್ಸ್ ಟ್ರಾನ್ಸ್‌ಫಾರ್ಮರ್ ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ಮೊದಲೇ ಹೇಳಿದೆ.

ಕಾಲಂ_ಕಳ್ಳ:
ಒಂದು ಸಾಲಂತೆ. ಎಕ್ಸ್‌ಎಂಎಲ್‌ನಲ್ಲಿ ಪ್ಲಗಿನ್ ಸಮೇತ ಎಷ್ಟು ಸಾಲು ಅಂತ ಪೂರ್ತಿ ಹಾಕಿ ನೋಡೋಣ. ಆ ಸಾಲು ಮರೆತರೆ ಶೇಡ್‌ನಲ್ಲೂ ಇದೇ ಗತಿ.

ಲಾಗ್_ಓದುಗ:
ಇಬ್ಬರೂ ಸ್ವಲ್ಪ ತಡೀರಿ.

ಜಂಜಾಟ ಅವರೇ, ಆ ಡಿಸ್ಕಾರ್ಡ್ ಸಾಲು ತೆಗೆಯಿರಿ. ಎಸ್‌ಬಿಟಿ ಅಸೆಂಬ್ಲಿಯ ಡೀಫಾಲ್ಟ್ ನಡತೆ ಸರಿಯಾಗೇ ಇದೆ: ಸರ್ವಿಸಸ್ ಫೋಲ್ಡರ್‌ನ ಫೈಲ್‌ಗಳನ್ನು ಫಿಲ್ಟರ್ ಡಿಸ್ಟಿಂಕ್ಟ್ ಲೈನ್ಸ್‌ನಿಂದ ಕೂಡಿಸುತ್ತದೆ, ಅಂದರೆ ಎಲ್ಲ ಜಾರ್‌ಗಳ ಸಾಲುಗಳನ್ನೂ ಸೇರಿಸಿ, ಎರಡೆರಡು ಸಲ ಬಂದದ್ದನ್ನು ಬಿಡುತ್ತದೆ. ಮ್ಯಾನಿಫೆಸ್ಟ್ ಮತ್ತು ಸಹಿ ಫೈಲ್‌ಗಳನ್ನು ತಾನೇ ಎಸೆಯುತ್ತದೆ. ಜನ ಮೆಟಾ-ಇನ್ಫ್ ಪೂರ್ತಿ ಎಸೆಯಲು ಶುರುಮಾಡಿದ್ದಕ್ಕೆ ಈ ಸಹಿ ಫೈಲ್‌ಗಳೂ ಒಂದು ಕಾರಣ, ಅವು ಉಳಿದರೆ ‘ಇನ್‌ವ್ಯಾಲಿಡ್ ಸಿಗ್ನೇಚರ್ ಫೈಲ್’ ಅಂತ ಜಾರ್ ತೆರೆಯುವುದೇ ಇಲ್ಲ.

ಕೊನೆಯ ‘ಉಳಿದದ್ದು ಫಸ್ಟ್’ ಸಾಲಿನ ಜಾಗದಲ್ಲಿ ಹಳೆಯ, ಅಂದರೆ ಡೀಫಾಲ್ಟ್ ಸ್ಟ್ರಾಟಜಿಯನ್ನೇ ಕರೆಯಿರಿ. ಮೆಟಾ-ಇನ್ಫ್‌ಗೂ ಫಸ್ಟ್ ಕೊಟ್ಟರೆ ಇನ್ನೂ ಅಪಾಯ. ನಾಳೆ ಸ್ಪಾರ್ಕ್‌ನ ಮಷೀನ್ ಲರ್ನಿಂಗ್ ಲೈಬ್ರರಿ ಎಂಎಲ್‌ಲಿಬ್ ಸೇರಿಸಿದಿರಿ ಅಂದುಕೊಳ್ಳಿ, ಅದರಲ್ಲೂ ಡೇಟಾಸೋರ್ಸ್ ರಿಜಿಸ್ಟರ್ ಫೈಲ್ ಇದೆ. ಯಾವುದು ಮೊದಲು ಸಿಕ್ಕಿತೋ ಅದು ಮಾತ್ರ ಉಳಿಯುತ್ತದೆ. ಒಂದು ಬಿಲ್ಡ್‌ನಲ್ಲಿ ಸಿಎಸ್‌ವಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಹುಡುಕಿ ಸಾಯಬೇಕು.

ಆಮೇಲೂ ಡಿಡೂಪ್ಲಿಕೇಟ್ ಎರರ್ ಬಂದರೆ, ಹೆಸರು ಹಿಡಿದು ಒಂದೊಂದಕ್ಕೇ ಕೇಸ್ ಬರೆಯಿರಿ. ಮಾಡ್ಯೂಲ್-ಇನ್ಫೋ ಕ್ಲಾಸ್ ಬಂದರೆ ಡಿಸ್ಕಾರ್ಡ್, ಆ್ಯರೋ-ಗಿಟ್ ಪ್ರಾಪರ್ಟೀಸ್ ಬಂದರೆ ಫಸ್ಟ್. ಪುಟಗಟ್ಟಲೆ ಕಾಣುತ್ತದೆ, ಹೆಸರುಗಳು ಕೆಲವೇ.

ರ್‍ಯಾಮ್_ರಾಯ:
ನಾನು ದಪ್ಪ ಜಾರ್ ಮಾಡುವುದೇ ಇಲ್ಲ. ಎಸ್‌ಬಿಟಿಯ ನೇಟಿವ್ ಪ್ಯಾಕೇಜರ್ ಪ್ಲಗಿನ್ ಹಾಕಿ ಎಲ್ಲ ಜಾರ್‌ಗಳನ್ನೂ ಲಿಬ್ ಫೋಲ್ಡರ್‌ನಲ್ಲಿ ಬಿಡಿಯಾಗೇ ಇಡ್ತೀನಿ. ಮರ್ಜ್ ತಲೆನೋವೇ ಇಲ್ಲ.

ಲಾಗ್_ಓದುಗ:
ಈ ಥ್ರೆಡ್‌ನಲ್ಲಿ ರಾಯರು ಹೇಳಿದ ಒಳ್ಳೆಯ ಮಾತು ಇದು. ಒಂದೇ ಫೈಲ್ ಬೇಕು ಅನ್ನುವ ಹಟ ಇಲ್ಲದಿದ್ದರೆ ಅದೇ ಸುಲಭ.

ಜಾರ್_ಜಂಜಾಟ:
ಒಂದೇ ಫೈಲ್ ಬೇಕು, ನನ್ನ ಕೈಯಲ್ಲಿಲ್ಲ ಅದು. ಡಿಸ್ಕಾರ್ಡ್ ತೆಗೆದೆ, ಕೇಸ್‌ಗಳನ್ನು ಬರೆದೆ. ಜಾರ್ ಒಳಗೆ ಪಟ್ಟಿ ಇದೆ. ಲ್ಯಾಪ್‌ಟಾಪ್‌ನಲ್ಲಿ ಸಿಎಸ್‌ವಿ ಓದಿತು, ಪಾರ್ಕೆ ಬರೆಯಿತು. ಆದರೆ ಆ ಇನ್ನೊಂದು ಮೆಷಿನ್‌ಗೆ ಹಾಕಿದರೆ ಈಗ ಇಲ್ಲೀಗಲ್ ಆ್ಯಕ್ಸೆಸ್ ಎರರ್, ಡೈರೆಕ್ಟ್‌ಬಫರ್ ಅಂತೆ. ಅಲ್ಲಿ ಜಾವಾ 17 ಇದೆ.

ಥ್ರೆಡ್_ಪೂಲ್:
ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ. ಜಾವಾ ವರ್ಷನ್.

ಕಾಲಂ_ಕಳ್ಳ:
ನೀವು ಹೇಳಿದ್ದು 21. ಆಮೇಲೆ 8. ಆಮೇಲೆ ಫೈರ್‌ವಾಲ್.

ಲಾಗ್_ಓದುಗ:
17ರಲ್ಲಿ ಸ್ಪಾರ್ಕ್ ಸಬ್ಮಿಟ್ ಬೇಕಾದ ಆ್ಯಡ್-ಓಪನ್ಸ್ (ಜಾವಾದ ಒಳಭಾಗ ಮುಟ್ಟಲು ಅನುಮತಿ) ಫ್ಲ್ಯಾಗ್‌ಗಳನ್ನು ತಾನೇ ಸೇರಿಸುತ್ತದೆ. ಜಾವಾ ಮೈನಸ್ ಜಾರ್‌ನಲ್ಲಿ ಆ ಕೆಲಸ ನಿಮ್ಮದು. ಕಮಾಂಡ್‌ನಲ್ಲಿ ಕೊಡಬಹುದು. ಒಂದೇ ಫೈಲ್ ಬೇಕು ಅಂದಿದ್ದೀರಲ್ಲ, ಹಾಗಾದರೆ ಜಾರ್‌ನ ಮ್ಯಾನಿಫೆಸ್ಟ್‌ನಲ್ಲೇ ಆ್ಯಡ್-ಓಪನ್ಸ್ ಅಂತ ಸಾಲು ಹಾಕಿ. ಮಾಡ್ಯೂಲ್, ಓರೆಗೆರೆ, ಪ್ಯಾಕೇಜ್, ನಡುವೆ ಖಾಲಿ ಜಾಗ ಬಿಟ್ಟು ಮುಂದಿನದು. ಎಸ್‌ಬಿಟಿಯಲ್ಲಿ ಅಸೆಂಬ್ಲಿಯ ಪ್ಯಾಕೇಜ್ ಆಪ್ಷನ್ಸ್‌ಗೆ ಮ್ಯಾನಿಫೆಸ್ಟ್ ಆ್ಯಟ್ರಿಬ್ಯೂಟ್ಸ್ ಸೇರಿಸಿದರೆ ಆಯಿತು. ಪೂರ್ತಿ ಪಟ್ಟಿ ಸ್ಪಾರ್ಕ್ ಸೋರ್ಸ್‌ನ ಜಾವಾ ಮಾಡ್ಯೂಲ್ ಆಪ್ಷನ್ಸ್ ಕ್ಲಾಸ್‌ನಲ್ಲಿದೆ, ಅಲ್ಲಿಂದಲೇ ಎತ್ತಿಕೊಳ್ಳಿ.

ಇನ್ನೊಂದು. 17ರಲ್ಲಿ ಎಸ್‌ಬಿಟಿ ರನ್ ಕೂಡ ಮಾಡುವುದಾದರೆ ಫ್ಲ್ಯಾಗ್‌ಗಳನ್ನು ಜಾವಾ ಆಪ್ಷನ್ಸ್‌ಗೆ ಹಾಕಿ, ಆದರೆ ಫೋರ್ಕ್ (ಬೇರೆ ಜಾವಾ ಪ್ರೊಸೆಸ್‌ನಲ್ಲಿ ಓಡಿಸು) ಅನ್ನು ಟ್ರೂ ಮಾಡದಿದ್ದರೆ ಎಸ್‌ಬಿಟಿ ಅವನ್ನು ನೋಡುವುದೇ ಇಲ್ಲ.

ಜಾರ್_ಜಂಜಾಟ:
ಮ್ಯಾನಿಫೆಸ್ಟ್‌ಗೆ ಹಾಕಿದೆ. ಓಡಿತು, ಆ ಮೆಷಿನ್‌ನಲ್ಲೂ! ಥ್ಯಾಂಕ್ಸ್ ಓದುಗರೇ. ಆದರೆ ಎಲ್ಲ ಕಡೆ ಇರುವ ಉತ್ತರವೇ ತಪ್ಪು ಅಂದರೆ ಹೊಸಬರು ಯಾರನ್ನು ನಂಬೋದು?

ಹಳೇ_ಮೇವನ್:
ಮೇವನ್.

ಹೊಸ_ಹೀಪ್:
ನನಗೂ ಇದೇ ಎರರ್, ಆದರೆ ನನ್ನ ಬಿಲ್ಡ್ ಸಾಧನ ಗ್ರೇಡಲ್, ದಪ್ಪ ಜಾರ್‌ಗೆ ಶ್ಯಾಡೋ ಪ್ಲಗಿನ್. ಇಲ್ಲೇ ಕೇಳಬಹುದಾ? ಬಿಲ್ಡ್ ಫೈಲ್ ಸರಿಯಾಗೇ ಇದೆ.

ಲಾಗ್_ಓದುಗ:
ಶ್ಯಾಡೋಜಾರ್ ಬ್ಲಾಕ್ ಒಳಗೆ ಮರ್ಜ್ ಸರ್ವಿಸ್ ಫೈಲ್ಸ್ ಕರೆಯಿರಿ. ಆಗದಿದ್ದರೆ ಬೇರೆ ಥ್ರೆಡ್ ತೆರೆಯಿರಿ. ಬಿಲ್ಡ್ ಫೈಲ್ ಪೂರ್ತಿ ಹಾಕಿ, ಜಾರ್ ಹೇಗೆ ಓಡಿಸ್ತೀರಿ ಅಂತಲೂ ಬರೆಯಿರಿ.