ಬ್ರೈಲ್ ಬಂತು, ಬೋರ್ಡು ಹೋಯ್ತು

"ಲಿನಕ್ಸ್‌ನಲ್ಲಿ ಯಂತ್ರ ನಡೆಸೋ ಡ್ರೈವರ್ ಗೀವರ್ ಹುಡುಕೋ ಕೆಲಸವೇ ಇಲ್ಲ, ಸಿಕ್ಕಿಸಿದರೆ ಸಾಕು ಅಂದೆಯಲ್ಲೋ ಸೀನ! ನನ್ನ ಪುಟ್ಟ ಇಎಸ್‌ಪಿ32 ಕಂಪ್ಯೂಟರ್ ಬೋರ್ಡು ಸಿಕ್ಕಿಸಿದೆ. ಬೋರ್ಡು ಬಂತು. ಕಣ್ಣು ಮಿಟುಕಿಸೋದ್ರೊಳಗೆ ಹೋಯ್ತು," ಗೋಪಿ ರಾಗ ಎಳೆದ.

"ಕರ್ನಲ್ ಲಾಗ್, ಅದೇ ಲಿನಕ್ಸ್‌ನ ತಿರುಳು ಬರೆದಿಡೋ ದಿನಚರಿ, ನೋಡಿದೆಯಾ?"

"ನೋಡಿದೆ. 'ಟಿಟಿವೈಯುಎಸ್‌ಬಿ0' ಪೋರ್ಟ್ ಬಂತು ಅಂತ ಒಂದು ಸಾಲು, ಅದರ ಕೆಳಗೇ ಹೋಯ್ತು ಅಂತ ಇನ್ನೊಂದು. ಮಧ್ಯೆ ಬಿಆರ್‌ಎಲ್‌ಟಿಟಿವೈ ಅನ್ನೋನು ಯಾವನೋ ಕೂತಿದ್ದಾನೆ. ವೈರಸ್ಸಾ?"

"ಥೂ, ಪುಣ್ಯಾತ್ಮ ಕಣೋ ಅವನು! ಪರದೆ ಮೇಲಿರೋದನ್ನ ಬ್ರೈಲ್ ಯಂತ್ರಕ್ಕೆ ಕಳಿಸೋ ಪ್ರೋಗ್ರಾಂ. ಲಿನಕ್ಸಿನ ಉಬುಂಟು 22.04 ಆವೃತ್ತಿ ಬಂದಾಗ ಆರ್ಡುಯಿನೋ ಅಂತ ಇಂಥದ್ದೇ ಬೋರ್ಡು ಇಟ್ಕೊಂಡ ಹುಡುಗರೆಲ್ಲ ಹಾಡಿದ್ದು ಇದೇ ಗೋಳು."

"ನನ್ನ ಇಎಸ್‌ಪಿ32ಗೂ ಬ್ರೈಲ್‌ಗೂ ಎಲ್ಲಿಯ ನೆಂಟಸ್ತನ?"

"ನಂಬರಿನ ನೆಂಟಸ್ತನ. ಯುಎಸ್‌ಬಿಗೆ ಏನೇ ಸಿಕ್ಕಿಸಿದರೂ ಅದು ಮೊದಲು ಎರಡು ನಂಬರ್ ಒಪ್ಪಿಸಬೇಕು: ತಯಾರಿಸಿದವರದ್ದೊಂದು, ಮಾಲಿನದ್ದೊಂದು. ಕರ್ನಲ್ ಅದನ್ನೆಲ್ಲ ಪೋಣಿಸಿ 'ಮಾಡ್‌ಅಲಿಯಾಸ್' ಅಂತ ಉದ್ದನೆಯ ಸಾಲು ಮಾಡಿ ಕೂಗುತ್ತೆ. ಸಿಕ್ಕಿಸಿದ್ದು ಕಿತ್ತಿದ್ದು ನೋಡಿಕೊಳ್ಳೋ ಯುಡೆವ್ ಅನ್ನೋ ಪ್ರೋಗ್ರಾಂ ಕೇಳಿಸಿಕೊಳ್ಳುತ್ತೆ, ಮಾಡ್ಯೂಲುಗಳ ಪಟ್ಟಿಯಲ್ಲಿ ಆ ಸಾಲಿಗೆ ಹೊಂದೋ ಡ್ರೈವರ್ ಯಾವುದಿದೆಯೋ ಅದನ್ನ ಎಬ್ಬಿಸುತ್ತೆ. ನಿನ್ನ ಬೋರ್ಡಿನಲ್ಲಿ ಯುಎಸ್‌ಬಿ ಜೊತೆ ಮಾತಾಡೋ ಸಿಎಚ್340 ಚಿಪ್ಪು 1ಎ86:7523 ಅಂತು, ಸಿಎಚ್341 ಡ್ರೈವರ್ ಎದ್ದು ಬಂತು."

"ಚಿಪ್ಪು 340, ಡ್ರೈವರು 341?"

"ಅದನ್ನ ಕೇಳಬೇಡ. ಮುಂದೆ ಕೇಳು. ಅದೇ ಚಿಪ್ಪು ಹಾಕಿದ ಬ್ರೈಲ್ ಯಂತ್ರವೂ ಒಂದಿದೆ. ಅದೂ ಕೇಳಿದರೆ 1ಎ86:7523 ಅಂತಲೇ ಅನ್ನೋದು. ಆ ನಂಬರ್ ಕಂಡರೆ ನನಗೆ ಕೊಡಿ ಅಂತ ಬಿಆರ್‌ಎಲ್‌ಟಿಟಿವೈಯವರು ಯುಡೆವ್‌ಗೆ ನಿಯಮ ಬರೆದಿಟ್ಟಿದ್ದರು. ನಿನ್ನ ಬೋರ್ಡನ್ನ ಡ್ರೈವರ್ ಕೈಯಿಂದ ಕಿತ್ತುಕೊಂಡು ಹೋದ."

ವತ್ಸಲಕ್ಕ ಕಿಸಕ್ಕನೆ ನಕ್ಕರು. "ನಮ್ಮ ಬೀದಿಯಲ್ಲಿ ಇಬ್ಬರು ಮಂಜುನಾಥರು. ಒಬ್ಬನಿಗೆ ಬಂದ ಜಾತಕ ಇನ್ನೊಬ್ಬನ ಮನೆಗೆ ಹೋಗಿ, ಮದುವೆಯೂ ಆಗಿಹೋಯ್ತು."

"ಇದಕ್ಕಿಂತ ಹಳೇ ಕಾಲವೇ ವಾಸಿ ಅಲ್ವಾ ಅಕ್ಕ?"

"ಏನು ವಾಸಿನೋ? ಐಎಸ್‌ಎ ಸೌಂಡ್ ಕಾರ್ಡಿಗೆ ನಾವೇ ಜಂಪರ್ ಅನ್ನೋ ಪುಟ್ಟ ಕೊಂಡಿ ಕಿತ್ತು ಬೇರೆ ಪಿನ್ನಿಗೆ ಹಾಕಿ, ಕಾರ್ಡು ಸಿಪಿಯುನ ಕರೆಯೋ ಸಾಲು ಐಆರ್‌ಕ್ಯೂ 5, ವಿಳಾಸ 220 ಅಂತ ಜಪ ಮಾಡಬೇಕಿತ್ತು. 2003ರಲ್ಲಿ ಯುಡೆವ್ ಬರೋ ಮುಂಚೆ ಇರಬಹುದಾದ ಒಂದೊಂದು ಸಾಧನಕ್ಕೂ ಒಂದೊಂದರಂತೆ 'ಡೆವ್' ಫೋಲ್ಡರ್ ತುಂಬ ಸಾವಿರಾರು ಫೈಲು. ಮನೆಯಲ್ಲಿ ಇರೋದು ಒಂದೇ ಡಿಸ್ಕು!"

"ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನವರಿಗೆ ಡ್ರೈವರ್ ಎಬ್ಬಿಸೋ ತಂಟೆಯೇ ಇಲ್ಲ," ಸೀನ ಬಾಯಿ ಹಾಕಿದ. "ಡ್ರೈವರುಗಳನ್ನೆಲ್ಲ ಕರ್ನಲ್ ಒಳಗೇ ಕೂರಿಸಿರ್ತಾರೆ, ಹೊರಗಿಂದ ಯಾರನ್ನೂ ಕರೆಯೋದಿಲ್ಲ."

"ಹಾಗಾದ್ರೆ ಬಿಆರ್‌ಎಲ್‌ಟಿಟಿವೈಯನ್ನೇ ಕಿತ್ತು ಬಿಸಾಕ್ತೀನಿ."

"ಎಲ್ಲರೂ ಮಾಡೋದು ಅದನ್ನೇ," ವತ್ಸಲಕ್ಕ ಗದರಿದರು. "ಅದಿಲ್ಲದಿದ್ದರೆ ಕಂಪ್ಯೂಟರೇ ಇಲ್ಲ ಅನ್ನೋರೂ ಇದ್ದಾರಪ್ಪ. ತಪ್ಪು ಅವನದ್ದಲ್ಲ, ಮಾರೋ ಯಂತ್ರಕ್ಕೆ ಸ್ವಂತ ನಂಬರ್ ಕೊಡದೆ ಚಿಪ್ಪಿನ ನಂಬರಲ್ಲೇ ಸಂಸಾರ ಮಾಡಿದೋರದ್ದು. ಆ ಒಂದು ನಿಯಮದ ಸಾಲಿನ ಮುಂದೆ ಹ್ಯಾಶ್ (#) ಹಾಕಿ ಸುಮ್ಮನಾಗಿಸು, ಸಾಕು."

ಗೋಪಿ ಗೊಣಗುತ್ತ ಹ್ಯಾಶ್ ಹಾಕಿದ, ಯುಡೆವ್‌ಗೆ ನಿಯಮ ಮತ್ತೆ ಓದಿಸಿದ, ಕೇಬಲ್ ಕಿತ್ತು ಸಿಕ್ಕಿಸಿದ. ಪೋರ್ಟ್ ಬಂತು. ಅಲ್ಲೇ ಕೂತಿತು. ಖುಷಿಯಲ್ಲಿ ಅಪ್‌ಲೋಡ್ ಒತ್ತಿದ.

"ಸೀನಾ... ಪರ್ಮಿಷನ್ ಡಿನೈಡ್ ಅಂತಿದೆ ಕಣೋ!"

"ಇಂಥ ಪೋರ್ಟ್ ಮುಟ್ಟೋಕೆ ಅನುಮತಿ ಇರೋ 'ಡಯಲ್‌ಔಟ್' ಗುಂಪಿಗೆ ನೀನಿನ್ನೂ ಸೇರಿಲ್ವಾ?"

"ಮೋಡೆಮ್ಮೇ ಇಲ್ಲದ ಮನೆಯಲ್ಲಿ ಯಾರಿಗೋ ಡಯಲ್ ಮಾಡೋದು?"